ಅಳತೆ ಪುಸ್ತಕದ ಅಮಾನತ್

ನಮ್ಮ ಬೀದಿಯ ದರ್ಜಿ ಚಾಚಾ ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತಾರೆ. ಅವರ ಬಳಿ ಹದಿನೇಳು ಅಳತೆ ಪುಸ್ತಕಗಳಿದ್ದವು. ಪುಟಕ್ಕೊಬ್ಬರಂತೆ ಹೆಸರು, ಫೋನ್ ನಂಬರು, ತೋಳು, ಎದೆ, ಸೊಂಟದ ಅಳತೆ, ಅಂಚಿನಲ್ಲಿ ಬಾಕಿ ಹಣ. ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿ ಮೂರು ಪುಸ್ತಕ ಮುದ್ದೆಯಾದವು. 'ಉಳಿದದ್ದನ್ನಾದರೂ ಕ್ಲೌಡ್‌ಗೆ ಹಾಕಿಬಿಡೋಣ ಅಬ್ಬಾ, ಅಲ್ಲಿ ನೀರೂ ಬರೋದಿಲ್ಲ, ಗೆದ್ದಲೂ ಹಿಡಿಯೋದಿಲ್ಲ' ಎಂದ ಮಗ. 'ಅಲ್ಲಿ ಯಾರಿರ್ತಾರೆ?' ಎಂದು ಚಾಚಾ ಕೇಳಿದರು. ಮಗ ನಕ್ಕುಬಿಟ್ಟ. ನಮಗೇಕೋ ನಗು ಬರಲಿಲ್ಲ.

ಕ್ಲೌಡ್ ಎಂದರೆ ಆಕಾಶವೇನಲ್ಲ. ಯಾರದೋ ಕಟ್ಟಡ, ಯಾರದೋ ಯಂತ್ರ, ಸಂಬಳಕ್ಕೆ ದುಡಿಯುವ ಯಾರೋ ಮನುಷ್ಯರು. ಅಲ್ಲಿಗೂ ಬೆಂಕಿ ಬೀಳುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಡೇಟಾ ಸೆಂಟರೊಂದು ಸುಟ್ಟುಹೋಯಿತು. ಕೆಲವು ಗ್ರಾಹಕರ ಮೂಲವೂ ಬ್ಯಾಕಪ್ ಪ್ರತಿಯೂ ಒಂದೇ ಆವರಣದಲ್ಲಿದ್ದು ಎರಡೂ ಬೂದಿಯಾದವು. ಹಾಗಾದರೆ ನಮ್ಮದನ್ನು ನಾವೇ ಇಟ್ಟುಕೊಂಡರೆ ಕ್ಷೇಮವೇ? ದಕ್ಷಿಣ ಕೊರಿಯಾದ ಸರ್ಕಾರ ಹಾಗೆಯೇ ಇಟ್ಟುಕೊಂಡಿತ್ತು. 2025ರ ಸೆಪ್ಟೆಂಬರಿನಲ್ಲಿ ಡೇಜಾನ್ ನಗರದ ಅದರ ಕೇಂದ್ರಕ್ಕೆ ಬೆಂಕಿ ಹತ್ತಿ, ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಬೇರೆಡೆ ಅದರ ಪ್ರತಿ ಇರಲಿಲ್ಲ.

ಸ್ವದೇಶದ ನೆಲವೇ ಕಾಪಾಡುತ್ತದೆ ಎನ್ನುವವರೂ ಇದ್ದಾರೆ. ಹಣ ಪಾವತಿಯ ಡೇಟಾ ಭಾರತದಲ್ಲಷ್ಟೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದೇ ವರ್ಷ ಅಮೆರಿಕ ಇನ್ನೊಂದು ಕಾನೂನು ತಂದಿತು: ಅಲ್ಲಿನ ಕಂಪೆನಿಯ ವಶದಲ್ಲಿರುವ ಡೇಟಾವನ್ನು, ಅದು ಯಾವ ದೇಶದಲ್ಲೇ ಇರಲಿ, ನ್ಯಾಯಾಲಯದ ವಾರಂಟಿಗೆ ಒಪ್ಪಿಸಬೇಕು. ಅಂದಮೇಲೆ ಪೆಟ್ಟಿಗೆ ಎಲ್ಲಿದೆ ಎಂಬುದಕ್ಕಿಂತ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೋಡಬೇಕಾಗುತ್ತದೆ.

ಉರ್ದುವಿನಲ್ಲಿ ನಂಬಿ ಇಟ್ಟ ವಸ್ತುವಿಗೆ ಅಮಾನತ್ ಎನ್ನುತ್ತೇವೆ. ಅದೇ ಪದ ಕನ್ನಡದ ಕಚೇರಿಗೆ ಬಂದು ನೌಕರನ ಅಮಾನತು ಆದದ್ದು ಭಾಷೆಯ ತಮಾಷೆ. ಇಂಥ ಇಡುಗಂಟಿನ ಬಗ್ಗೆ ಹನಫಿ ಪಂಡಿತರು ಬಹಳ ಚರ್ಚಿಸಿದ್ದಾರೆ. ಹನ್ನೆರಡನೆಯ ಶತಮಾನದ 'ಹಿದಾಯಾ' ಹೇಳುವಂತೆ, ಪಡೆದವನು ಅದನ್ನು ತಾನೇ ಅಥವಾ ತನ್ನ ಮನೆಯವರ ಮೂಲಕ ಕಾಯಬೇಕು. ಹೊರಗಿನವರ ಕೈಗಿತ್ತು ಅದು ನಷ್ಟವಾದರೆ ಪರಿಹಾರ ಅವನದೇ. ಆದರೆ ಮನೆಗೆ ಬೆಂಕಿ ಬಿದ್ದಾಗ ನೆರೆಯವನಿಗೆ ಒಪ್ಪಿಸಬಹುದು. ಹಡಗು ಮುಳುಗುವಾಗ ಪಕ್ಕದ ಹಡಗಿಗೆ ಎಸೆಯಬಹುದು.

ಚಾಚಾರ ಮಗ ಈ ವಿನಾಯಿತಿಯನ್ನೇ ಹಿಡಿದುಕೊಳ್ಳಬಹುದು: ನೀರು ಬಂತಲ್ಲ! ಬಂತು, ಇಳಿದೂ ಹೋಯಿತು. ಈಗ ಕೇಳಲು ಬಿಡುವಿದೆ. ಎದೆಯ ಅಳತೆ ಕೊಟ್ಟ ಹೆಣ್ಣುಮಗಳು ಅದನ್ನು ಚಾಚಾರ ಟೇಪಿಗೆ ಕೊಟ್ಟಳೇ ಹೊರತು ಹೆಸರರಿಯದ ಕಂಪೆನಿಗಲ್ಲ. ಅವಳನ್ನು ಒಂದು ಮಾತು ಕೇಳಿದರೇನು?

ಹಾಗೆಂದು ಚಾಚಾರನ್ನು ಹೊಗಳಿ ಸುಮ್ಮನಾಗಲಾರೆವು. ಅವರ ಪುಸ್ತಕಗಳು ಕಟ್ಟೆಯ ಮೇಲೆ ತೆರೆದೇ ಬಿದ್ದಿರುತ್ತಿದ್ದವು. ಚಹಾ ತರುವ ಹುಡುಗನಿಂದ ಹಿಡಿದು ಯಾರು ಬೇಕಾದರೂ ತಿರುವಿ ನಂಬರು ಬರೆದುಕೊಳ್ಳಬಹುದಿತ್ತು. ಇದನ್ನು ಹೇಳಿದಾಗ ಅವರ ಮುಖ ಬಾಡಿತು. ಬೀಗವಿಲ್ಲದ ಹತ್ತಿರಕ್ಕಿಂತ ಬೀಗವಿರುವ ದೂರವೇ ವಾಸಿ ಎನ್ನಿಸುವ ಸಂದರ್ಭಗಳಿವೆ. ಸಣ್ಣ ಅಂಗಡಿಯವರಿಗಂತೂ ಹೆಚ್ಚು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡೇಟಾ ರಕ್ಷಣಾ ಕಾಯ್ದೆಯೂ ಬಹುಪಾಲು 'ಹಿದಾಯಾ'ದ ದಾರಿಯಲ್ಲೇ ಇದೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೂ ಹೊಣೆ ಮೊದಲು ಪಡೆದವನದೇ. ರಕ್ಷಣೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ಅಷ್ಟು ದೊಡ್ಡ ಮೊತ್ತ ಚಾಚಾರಿಗೆ ಅರ್ಥವಾಗಲಿಲ್ಲ. ಹೊಣೆಯ ಮಾತು ಅರ್ಥವಾಯಿತು.

ಈಗ ಅವರು ಬಂದವರನ್ನೆಲ್ಲ ಕೇಳುತ್ತಿದ್ದಾರೆ. ಒಪ್ಪಿದವರ ನಂಬರು, ಬಾಕಿ ಮಗನ ಕ್ಲೌಡ್‌ಗೆ ಹೋಗುತ್ತದೆ. ಅಳತೆ ಮಾತ್ರ ಪುಸ್ತಕದಲ್ಲೇ ಉಳಿದು, ಎತ್ತರದ ಕಬ್ಬಿಣದ ಕಪಾಟು ಸೇರಿದೆ. ಊರು ಬಿಟ್ಟವರ, ತೀರಿಕೊಂಡವರ ಪುಟಗಳನ್ನು ಏನು ಮಾಡಲಿ ಎಂದು ನಮ್ಮನ್ನು ಕೇಳಿದರು. 'ಹರಿದುಹಾಕಿ' ಎಂದೆವು. ಅವರು ಒಂದು ಹಳೆಯ ಪುಟ ತೆಗೆದು ತೋರಿಸಿದರು. ತೀರಿಕೊಂಡ ತಾಯಿಯದು. ಕಳೆದ ಈದ್‌ಗೆ ಮಗಳು ಬಂದು, 'ಅಮ್ಮಿಯ ಅಳತೆ ನನಗೂ ಸರಿಹೋಗುತ್ತೆ ಚಾಚಾ, ಅದರಲ್ಲೇ ಹೊಲೀರಿ' ಎಂದಿದ್ದಳಂತೆ.