ದೂರದ ಕಣ್ಣು

ನೋಡುವವನು ನೋಟದ ಸ್ಥಳದಲ್ಲಿಯೇ ಇರಬೇಕೆಂಬುದು ಪೂರ್ವಕಾಲದಿಂದಲೂ ಯಾರೂ ಪ್ರಶ್ನಿಸದ ಸಂಗತಿಯಾಗಿದ್ದಿತು. ಸಾಕ್ಷಾತ್ತಾಗಿ ಕಂಡವನಿಗೇ ಸಾಕ್ಷಿಯೆಂಬ ಹೆಸರು ಸಲ್ಲುವುದೆಂದು ಪಾಣಿನಿಯು ಹೇಳಿರುವನು. ಇಂದಾದರೋ ಕಣ್ಣು ಒಂದು ಕಡೆ, ನೋಡುವವನು ಮತ್ತೊಂದು ಕಡೆ ಇರುವುದು ಸಾಧ್ಯವಾಗಿದೆ. ಹೀಗಿರುವಾಗ ನೋಟದ ಹೊಣೆಯು ಯಾರ ಮೇಲೆ ನಿಲ್ಲುವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೂಡಿಗೆರೆ ಸೀಮೆಯ ಗೋಣಿಬೀಡಿನಂತಹ ಊರಿನಲ್ಲಿ ಇದು ಬರಿಯ ತರ್ಕದ ಮಾತಲ್ಲ. ಅಲ್ಲಿಯ ಕಾಫಿತೋಟದ ನೆರಳಿನ ಮರವೊಂದರಲ್ಲಿ ಹಕ್ಕಿಯು ಗೂಡುಕಟ್ಟಿದೆಯೆಂದಿಟ್ಟುಕೊಳ್ಳಬಹುದು. ಛಾಯಾಗ್ರಾಹಕನು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ದೂರ ಸರಿಯುವನು. ಕ್ಯಾಮೆರಾ ತಾನೇ ಹೊಮ್ಮಿಸುವ ವೈಫೈ ಅಲೆಗಳ ಮೂಲಕ ಅದರ ನೋಟವು ಅವನ ಫೋನಿನ ತೆರೆಯ ಮೇಲೆ ಮೂಡುವುದು. ಇದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ. ತೆರೆಯ ಮೇಲೆ ಬೆರಳು ಮುಟ್ಟಿದೆಡೆಗೆ ಮಸೂರವು ದೃಷ್ಟಿಯನ್ನು ನೆಡುವುದು. ಮತ್ತೊಮ್ಮೆ ಮುಟ್ಟಿದರೆ ಚಿತ್ರವು ಸಿದ್ಧ. ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿಯೂ ಇದನ್ನೇ ಮಾಡಬಹುದು.

ಇದರಲ್ಲಿ ಲಾಭವಿಲ್ಲವೆನ್ನಲಾಗದು. ಗೂಡಿನ ಬಳಿ ಮನುಷ್ಯನು ಸುಳಿದಾಡಿದರೆ ತಾಯಿಹಕ್ಕಿಯು ಹೆದರಿ ದೂರ ಉಳಿಯುವುದು, ಮೊಟ್ಟೆಗಳು ತಣ್ಣಗಾಗುವುವು. ಮೂಡಿಗೆರೆಯಲ್ಲಿ ನೆಲಸಿ ಹಕ್ಕಿಗಳ ಚಿತ್ರಗಳನ್ನು ತೆಗೆದ ಪೂರ್ಣಚಂದ್ರ ತೇಜಸ್ವಿಯವರ (1938–2007) ಕಾಲದಲ್ಲಿ ಆ ಕೆಲಸವೆಂದರೆ ಇಂಬಳಗಳ ನಡುವೆ ಕಾದು ಕುಳಿತಿರುವುದೇ ಆಗಿದ್ದಿತು. ಮನುಷ್ಯನು ದೂರ ಸರಿದರೆ ಹಕ್ಕಿಗೆ ಅಷ್ಟು ನೆಮ್ಮದಿ.

ಆದರೆ ಹತ್ತಿರ ಕುಳಿತವನಿಗೆ ಚೌಕಟ್ಟಿನ ಹೊರಗಿನದೂ ಕಾಣುತ್ತಿದ್ದಿತು. ಕೊಕ್ಕಿನಲ್ಲಿ ಹುಳುವನ್ನು ಹಿಡಿದು ಗೂಡಿಗೆ ಬರಲಾರದೆ ಕೊಂಬೆಯಿಂದ ಕೊಂಬೆಗೆ ಹಾರುವ ತಾಯಿಯನ್ನು ಕಂಡು, ಅದರ ಕಾತರದ ಕೂಗನ್ನು ಕೇಳಿ, ಮರುಕವುಳ್ಳವನು ಎದ್ದುಹೋಗುತ್ತಿದ್ದನು. ಫೋನಿನ ತೆರೆಯಲ್ಲಿ ಗೂಡು ಮಾತ್ರವೇ ಇರುವುದು. ನೋಟಕ್ಕೆ ಅಡ್ಡಿಯೆಂದು ಎಲೆಗಳನ್ನು ಸರಿಸಿದ್ದರೆ, ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬಿದ್ದವೆಂಬುದು ದೂರ ಕುಳಿತವನ ಮನಸ್ಸಿಗೆ ಹೊಳೆಯದಿರಬಹುದು. ದೂರವು ಹಕ್ಕಿಯನ್ನು ಮನುಷ್ಯನ ಭಯದಿಂದ ಬಿಡಿಸುವಂತೆಯೇ ಮನುಷ್ಯನನ್ನು ಹಕ್ಕಿಯ ದುಃಖದಿಂದಲೂ ಬಿಡಿಸುವುದು. ಎರಡನೆಯ ಬಿಡುಗಡೆಗೆ ಅವನು ಅರ್ಹನೇ?

ಬೆರಳಿನ ಅಪ್ಪಣೆಯನ್ನೂ ಕಾಯದೆ, ಪ್ರಾಣಿಯ ಚಲನೆಯಿಂದಲೇ ಚಿತ್ರ ತೆಗೆಯುವ ಕ್ಯಾಮೆರಾಗಳೂ ಉಂಟು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇಂತಹವನ್ನು ಕಾಡಿನ ದಾರಿಗಳಲ್ಲಿ ಇರಿಸಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಇದು ಶ್ಲಾಘ್ಯವಾದ ಕಾರ್ಯ. ಆದರೆ ಆ ಕಣ್ಣಿಗೆ ಹುಲಿಯೂ ಒಂದೇ, ಸೌದೆ ಹೊತ್ತ ಹೆಂಗಸೂ ಒಂದೇ. ಉತ್ತರಾಖಂಡದ ಕಾರ್ಬೆಟ್ ಹುಲಿಧಾಮದ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೌದೆಗೂ ಹುಲ್ಲಿಗೂ ಕಾಡಿಗೆ ಹೋಗುವ ಸ್ತ್ರೀಯರು ಕ್ಯಾಮೆರಾದ ಅಂಜಿಕೆಯಿಂದ ಹಾಡನ್ನೂ ಮಾತನ್ನೂ ತಗ್ಗಿಸಿದರೆಂದು ತಿಳಿಸಿದೆ. ಆ ಸದ್ದು ಮೃಗಗಳನ್ನು ದೂರವಿಡುತ್ತಿದ್ದಿತು. ಕಾಡಾನೆಗಳು ತೋಟಕ್ಕೆ ನುಗ್ಗುವ ಮೂಡಿಗೆರೆ ಸೀಮೆಯ ವಾಚಕರಿಗೆ ಈ ಮೌನದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹಿಂದೆ ನೋಡುವವನೂ ನೋಡಲ್ಪಡುತ್ತಿದ್ದನು. ಎದುರಿಗಿದ್ದವಳು ಮುಖ ತಿರುಗಿಸಿದರೆ ಅವನಿಗೆ ನಾಚಿಕೆಯಾಗುತ್ತಿದ್ದಿತು. ಆ ನಾಚಿಕೆಯೇ ಅವನನ್ನು ತಡೆಯುತ್ತಿದ್ದಿತು. ಮರೆಯಲ್ಲಿರುವವನಿಗೆ ಆ ತಡೆ ಹೊರಗಿನಿಂದ ಬಾರದು. ಆದುದರಿಂದ ಅದನ್ನು ಅವನು ತನ್ನೊಳಗೇ ಇಟ್ಟುಕೊಳ್ಳಬೇಕು. ಕ್ಯಾಮೆರಾವನ್ನು ನಿಲ್ಲಿಸುವ ಮುನ್ನ ಆ ಸ್ಥಳವನ್ನು ಬರಿಗಣ್ಣಿನಿಂದ ನೋಡಿ, ಅಲ್ಲಿ ಓಡಾಡುವ ಜನರಿಗೆ ತಿಳಿಸಿ, ಹಕ್ಕಿಯು ಗೂಡಿಗೆ ಮರಳದಿದ್ದರೆ ಚಿತ್ರದ ಆಸೆಯನ್ನು ಬಿಡುವುದು ಅವನ ಕರ್ತವ್ಯ. ಯಂತ್ರವು ಕಂಡಿತೆಂಬ ಮಾತ್ರಕ್ಕೆ ಅದು ಸಾಕ್ಷಿಯಾಗದು. ಎಷ್ಟು ದೂರದಲ್ಲಿದ್ದರೂ ಆ ಕಣ್ಣನ್ನು ಅಲ್ಲಿ ಇರಿಸಿದವನೇ ಕರ್ತೃ; ಅಲ್ಲಿ ನಡೆದುದಕ್ಕೆ ಉತ್ತರ ಹೇಳಬೇಕಾದವನೂ ಅವನೇ.