ಮೊದಲ ಆಜ್ಞೆ ಯಾರದು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ನಂತರದ್ದೋ ಆಗಿರಬೇಕು. ಶ್ರೀನಿವಾಸಪುರದ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ಪ್ರಿಂಟ್ ಹಾಕುವ, ಮಾಲೂರಿನ ಟ್ಯೂಷನ್ ಮನೆಯಲ್ಲಿ ಟೈಪಿಂಗ್ ಕಲಿಸುವ 2014ರ ಯಂತ್ರ ಇದರಿಂದ ಕೆಡಲಿಲ್ಲ. ಹಳತಾಯಿತೆಂಬ ತೀರ್ಮಾನ ಎಲ್ಲೋ ಆಯಿತು, ಖರ್ಚು ಇಲ್ಲಿಯವರ ತಲೆಗೆ ಬಂತು. ಐಫೋನ್ ತಯಾರಾಗುವ ನರಸಾಪುರ ಇದೇ ಕೋಲಾರ ಜಿಲ್ಲೆಯಲ್ಲಿದೆ, ನಿಜ. ಅಲ್ಲಿ ದುಡಿಯುವವರ ಮನೆಯ ಕಂಪ್ಯೂಟರ್ ಹೊಸದೇ ಆಗಿರುತ್ತದೆ ಎನ್ನಲಾಗದು.

ಹಣ ಕೊಟ್ಟು ಕೊಂಡ ಯಂತ್ರ ಆನ್ ಆದಾಗ ಮೊದಲು ಯಾರ ಮಾತು ಕೇಳಬೇಕೆಂದು ನಿರ್ಧರಿಸುವ ಹಕ್ಕು ಕೊಂಡವರದು. ಆ ಹಕ್ಕು ತಾಂತ್ರಿಕವಾಗಿ ಇರುವುದು, ಕಾರ್ಯಾಚರಣಾ ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ತಂತ್ರಾಂಶವಾದ ಬೂಟ್‌ಲೋಡರ್‌ನಲ್ಲಿ. ಹಳೆಯ ಬಯಾಸ್ ಯಂತ್ರ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರಲ್ಲಿ ಆಜ್ಞೆಗಳಿಗೆ ಸಿಗುವ ಜಾಗ 446 ಬೈಟ್. ಇಂಥ ಹಳೆಯ ಯಂತ್ರದಲ್ಲೂ ನಡೆಯುವ ಲಿನಕ್ಸ್‌ನ ಬೂಟ್‌ಲೋಡರ್ ಗ್ರಬ್. ಅದು ತನ್ನ ಮೊದಲ ತುಣುಕನ್ನು ಅಲ್ಲಿಟ್ಟು, ಉಳಿದುದನ್ನು ಬೇರೆಡೆಯಿಂದ ಎಳೆದುಕೊಂಡು ಲಿನಕ್ಸನ್ನು ಎಬ್ಬಿಸುತ್ತದೆ. ಈಚಿನ ಯುಇಎಫ್‌ಐ ಯಂತ್ರಗಳಲ್ಲಿ ಇದಕ್ಕೆಂದೇ ಪುಟ್ಟ ಪಾರ್ಟಿಷನ್ ಇರುತ್ತದೆ.

ಹಕ್ಕಿನ ಮಾತು ಆಡುವವರ ಮೇಲೆ ಹೊಣೆಯೂ ಇದೆ. 2021ರ ಗ್ರಬ್ 2.06ರಿಂದ ಡಿಸ್ಕಿನಲ್ಲಿರುವ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳನ್ನು ಹುಡುಕುವ ಕೆಲಸವನ್ನು ಭದ್ರತೆಯ ಕಾರಣಕ್ಕೆ ತಾನಾಗಿ ನಡೆಯದಂತೆ ಮಾಡಿದ್ದಾರೆ. ಹೀಗಾಗಿ ಲಿನಕ್ಸ್ ಹಾಕಿದ ಮೇಲೆ ಗ್ರಬ್ ತೋರಿಸುವ ಪಟ್ಟಿಯಲ್ಲಿ ವಿಂಡೋಸ್ ಕಾಣದೆ ಹೋಗಬಹುದು. ಸೆಟ್ಟಿಂಗ್ ಕಡತದ ಒಂದು ಸಾಲು ತಿದ್ದಿ 'ಅಪ್‌ಡೇಟ್-ಗ್ರಬ್' ಆಜ್ಞೆ ಕೊಟ್ಟರೆ ಅದು ಸಾಮಾನ್ಯವಾಗಿ ಮರಳುತ್ತದೆ. ಇದು ಗೊತ್ತಿಲ್ಲದ ಅಂಗಡಿಯವರ ಪಾಲಿಗೆ ಮಾತ್ರ ವರ್ಷಗಳ ಲೆಕ್ಕಪತ್ರ ಅಳಿದುಹೋದ ಹಾಗೆಯೇ. ಬಿಟ್‌ಲಾಕರ್ ಗೂಢಲಿಪೀಕರಣ ಇದ್ದ ಡಿಸ್ಕಾದರೆ ರಿಕವರಿ ಕೀ ಕೇಳಬಹುದು. ಬ್ಯಾಕಪ್ ತೆಗೆಯದೆ, ಕೀ ಬರೆದಿಟ್ಟುಕೊಳ್ಳದೆ, ಮಾಲೀಕರನ್ನು ಕೇಳದೆ ಇನ್‌ಸ್ಟಾಲ್ ಮಾಡುವ ಲಿನಕ್ಸ್ ಅಭಿಮಾನಿಗೂ ಬಳಸುವವರನ್ನು ಕೇಳದೆ ಬೆಂಬಲ ನಿಲ್ಲಿಸುವ ಕಂಪನಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಂಪನಿ ಕನಿಷ್ಠ ದಿನಾಂಕವನ್ನಾದರೂ ಮೊದಲೇ ಹೇಳಿತ್ತು.

ಲಿನಕ್ಸ್ ಹಾಕಲು, ಸಹಿಯಿಲ್ಲದ ಬೂಟ್‌ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಅಪಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆಫ್ ಮಾಡಲೇಬೇಕೆಂದಿಲ್ಲ: ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳು ಮೈಕ್ರೋಸಾಫ್ಟ್ ಸಹಿಯಿರುವ 'ಶಿಮ್' ಎಂಬ ಪುಟ್ಟ ತಂತ್ರಾಂಶದ ಮೂಲಕ ಅದು ಆನ್ ಇದ್ದಾಗಲೂ ಏಳುತ್ತವೆ. ಮಾಲೀಕರ ಹಕ್ಕಿಗೂ ಅದೇ ಕಂಪನಿಯ ಸಹಿ ಬೇಕಾಯಿತೆಂಬುದು ಬೇರೆ ಚರ್ಚೆ. ಹಳೆಯ ಯಂತ್ರ ಹೆಚ್ಚು ವಿದ್ಯುತ್ ತಿನ್ನುತ್ತದೆಂಬ ಆಕ್ಷೇಪ ಇನ್ನೂ ಗಟ್ಟಿ. ಪೆಂಟಿಯಂ 4ರ ಕೆಲವು ಪ್ರೊಸೆಸರ್‌ಗಳೇ ನೂರು ವಾಟ್ ದಾಟುತ್ತಿದ್ದವು. ಅಂಥದ್ದನ್ನು ದಿನವಿಡೀ ಓಡಿಸಿ ಪರಿಸರ ಉಳಿಸಿದೆವೆನ್ನುವುದು ಲೆಕ್ಕ ತಪ್ಪಿದ ಮಾತು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶ ಬೇಕಾದವರಿಗೆ ವಿಂಡೋಸ್, ಲಿನಕ್ಸ್ ಎರಡೂ ಇರಲಿ.

ನಮ್ಮ ಮಕ್ಕಳಿಗೆ ಲಿನಕ್ಸ್ ಕಷ್ಟ ಎನ್ನುವವರು ಕಾಸರಗೋಡನ್ನು ನೋಡಬೇಕು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುವುದು ಕೇರಳದ 'ಕೈಟ್' ಸಂಸ್ಥೆ ಸಿದ್ಧಪಡಿಸಿದ ಗ್ನೂ/ಲಿನಕ್ಸ್‌ನಲ್ಲೇ. ಆದರೆ ಅದರ ಹಿಂದೆ ವರ್ಷಗಟ್ಟಲೆ ನಡೆದ ಶಿಕ್ಷಕರ ತರಬೇತಿ ಇದೆ. ಮುಳಬಾಗಿಲಿನ ಶಾಲೆಯೊಂದರಲ್ಲಿ ಸೋಮವಾರ ಬೆಳಿಗ್ಗೆ ಪರದೆ 'ಗ್ರಬ್ ರೆಸ್ಕ್ಯೂ' ಎಂದು ನಿಂತುಬಿಟ್ಟರೆ ಮೇಡಂ ಯಾರಿಗೆ ಫೋನ್ ಮಾಡಬೇಕು? ಪೆನ್‌ಡ್ರೈವ್ ಹಿಡಿದು ಹೊರಡುವ ಮುನ್ನ ನಾವು ಆ ಹೆಸರನ್ನು ಬರೆದುಕೊಡಬೇಕು.