ಇಟ್ಟುಕೊಂಡ ಗ್ರಂಥ, ಓದಿದ ಗ್ರಂಥ

ಗ್ರಂಥವೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಓದುವುದು ಬೇರೆ. ಕಾದಂಬರಿಯ ವಿಷಯದಲ್ಲಿ ಈ ಭೇದ ಯಾರನ್ನೂ ಬಾಧಿಸುವುದಿಲ್ಲ. ಓದದೆ ಬಿಟ್ಟ ಕಾದಂಬರಿ ಒಡೆಯನ ಸೋಮಾರಿತನವನ್ನಷ್ಟೇ ಸಾರುತ್ತದೆ. ಧರ್ಮಗ್ರಂಥದ ಮಾತು ಹಾಗಲ್ಲ. ಅದು ಮನೆಯಲ್ಲಿರುವುದೇ ಒಂದು ಪುಣ್ಯವೆಂಬ ಭಾವನೆ ಇರುವುದರಿಂದ, ಅದನ್ನು ಓದದಿರುವುದು ದೋಷವೆಂದು ಯಾರಿಗೂ ತೋರುವುದಿಲ್ಲ. ನವರಾತ್ರಿಯಲ್ಲಿ ನಾವು ಪುಸ್ತಕಗಳನ್ನು ಮಣೆಯ ಮೇಲಿಟ್ಟು, ಹೂವೇರಿಸಿ ಪೂಜಿಸುತ್ತೇವೆ; ಪೂಜೆಗಿಟ್ಟ ಪುಸ್ತಕವನ್ನು ಮಾತ್ರ ಆ ದಿನ ತೆರೆಯುವಂತಿಲ್ಲ. ಒಂದು ದಿನದ ಮಟ್ಟಿಗೆ ಇದು ಚೆಂದದ ಸಂಪ್ರದಾಯ. ವರ್ಷವೆಲ್ಲ ಅದೇ ಸಂಪ್ರದಾಯವಾದರೆ ಏನು ಹೇಳೋಣ?

ಮನೆಯಲ್ಲಿ ಗ್ರಂಥವಿರುವುದೇ ಪುಣ್ಯವೆಂಬ ಈ ಭಾವನೆ ಸುತ್ತಲಿನ ಸಮಾಜದಿಂದ ಮೆಲ್ಲಗೆ ಜಾರಿಹೋದರೆ ಆಗ ಗ್ರಂಥದ ಗತಿಯೇನು? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಕ್ರೈಸ್ತ ದೇಶಗಳೆನಿಸಿಕೊಂಡಿದ್ದ ಹಲವು ನಾಡುಗಳಲ್ಲಿ ಬೈಬಲ್ಲಿಗೆ ಇಂದು ಒದಗಿರುವ ಸ್ಥಿತಿ ಇದೇ. ಇಂಗ್ಲೆಂಡನ್ನೇ ತೆಗೆದುಕೊಳ್ಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು 2001ರಲ್ಲಿ ನೂರಕ್ಕೆ ಸುಮಾರು 72 ಮಂದಿ, 2011ರಲ್ಲಿ 59, 2021ರಲ್ಲಿ 46. ತಮಗೆ ಯಾವ ಮತವೂ ಇಲ್ಲವೆಂದವರು 2021ರಲ್ಲಿ ನೂರಕ್ಕೆ 37 ಮಂದಿ. ಇಪ್ಪತ್ತೇ ವರ್ಷಗಳಲ್ಲಿ ಆದ ಬದಲಾವಣೆ ಇದು. ಗ್ರಂಥವೇನೋ ಮಾಯವಾಗಿಲ್ಲ. ಹಿಂದೆಂದಿಗಿಂತ ಸುಲಭವಾಗಿ ಸಿಗುತ್ತದೆ. ಹೋಟೆಲಿನ ಕೋಣೆಯ ಮೇಜಿನ ಖಾನೆಯಲ್ಲಿದೆ, ಅಂಗೈಯ ಫೋನಿನಲ್ಲಿದೆ, ಅಜ್ಜಿಯಿಂದ ಬಂದ ಪೆಟ್ಟಿಗೆಯಲ್ಲಿದೆ. ಅದನ್ನು ಇಟ್ಟುಕೊಂಡವರಿಗೆ ಅದರಿಂದ ಆಗಬೇಕಾದುದೇನು, ಅದಕ್ಕೆ ಅವರು ಸಲ್ಲಿಸಬೇಕಾದುದೇನು, ಎಂಬುದೇ ಪ್ರಶ್ನೆ.

ಇದೇ ನಾಡಿನಲ್ಲಿ ಇದೇ ಗ್ರಂಥವನ್ನು ಇಟ್ಟುಕೊಳ್ಳುವುದು ಪ್ರಾಣಕ್ಕೆ ಸಂಚಕಾರವಾಗಿದ್ದ ಕಾಲವೊಂದಿತ್ತು. ವಿಲಿಯಂ ಟಿಂಡೇಲ್ ಇಂಗ್ಲಿಷಿಗೆ ತಂದ ಹೊಸ ಒಡಂಬಡಿಕೆ 1526ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಅಚ್ಚಾಗಿ, ಸರಕಿನ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡಿಗೆ ಬಂದಿತು. ಲಂಡನಿನ ಬಿಷಪ್ ಟನ್‌ಸ್ಟಾಲ್ ಅದನ್ನು ಸುಡಿಸಿದ. ಸುಡುವುದಕ್ಕಾಗಿ ಅವನು ವರ್ತಕನೊಬ್ಬನ ಮೂಲಕ ಪ್ರತಿಗಳನ್ನು ಹಣ ಕೊಟ್ಟು ಕೊಂಡನೆಂದೂ, ಆ ಹಣದಿಂದಲೇ ಟಿಂಡೇಲನು ತನ್ನ ಅನುವಾದವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದನೆಂದೂ ಆ ಕಾಲದ ಚರಿತ್ರಕಾರ ಹಾಲ್ ಬರೆದಿಟ್ಟಿದ್ದಾನೆ. ಹಾಗಾದರೆ ಆಗ ಅತಿ ಹೆಚ್ಚು ಪ್ರತಿಗಳ ಒಡೆಯನಾಗಿದ್ದವನು ಆ ಬಿಷಪ್ಪನೇ ಇರಬೇಕು! ಟಿಂಡೇಲನನ್ನು 1536ರಲ್ಲಿ ಬ್ರಸೆಲ್ಸ್ ನಗರದ ಬಳಿ ಕತ್ತು ಬಿಗಿದು ಕೊಂದು, ದೇಹವನ್ನು ಸುಟ್ಟರು. 1526ರ ಆ ಮುದ್ರಣದ ಮೂರೇ ಪ್ರತಿಗಳು ಇಂದು ಉಳಿದಿವೆ.

ಅವನು ಸತ್ತ ಕೆಲವೇ ವರ್ಷಗಳಲ್ಲಿ ರಾಜನ ಅಪ್ಪಣೆಯಿಂದಲೇ ಇಂಗ್ಲಿಷ್ ಬೈಬಲ್ ಚರ್ಚುಗಳಿಗೆ ಬಂದಿತು. ಆದರೆ ಜನ ಅದನ್ನು ನಿಜವಾಗಿಯೇ ಓದತೊಡಗಿದರೆಂದು ಕಂಡಾಗ ದೊರೆತನಕ್ಕೆ ದಿಗಿಲಾಯಿತು. 1543ರ ಒಂದು ಶಾಸನ ಸಾಮಾನ್ಯ ಸ್ತ್ರೀಯರು, ಕುಶಲಕರ್ಮಿಗಳು, ಆಳುಗಳು, ಬೇಸಾಯಗಾರರು, ಕೂಲಿಕಾರರು ಇದನ್ನು ಓದಕೂಡದೆಂದು ವಿಧಿಸಿತು. ಆಗ ಸೇಂಟ್‌ಬರಿ ಗುಡ್ಡದ ಮೇಲೆ ಕುರಿ ಕಾಯುತ್ತಿದ್ದ ರಾಬರ್ಟ್ ವಿಲಿಯಮ್ಸ್ ಎಂಬವನು ಬೇರೊಂದು ಪುಸ್ತಕವನ್ನು ಕೊಂಡು, ಅದರಲ್ಲಿ 1546ರಲ್ಲಿ ತನ್ನ ಕೈಯಾರೆ ಒಂದು ಟಿಪ್ಪಣಿ ಬರೆದ. ಕುರಿಗಾಹಿಗಳು ಒಡಂಬಡಿಕೆಯನ್ನು ಓದಬಾರದೆಂದು ಕಟ್ಟು ಮಾಡಿದಾಗ ಈ ಪುಸ್ತಕ ಕೊಂಡೆ, ಆ ಕುರುಡುತನವನ್ನು ದೇವರು ಹೋಗಲಾಡಿಸಲಿ, ಎಂಬುದು ಅದರ ತಾತ್ಪರ್ಯ. ಆ ಶಾಸನವನ್ನು ಮಾಡಿದವರು ಗ್ರಂಥವನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರೆಂದು ನನಗೆ ಅನಿಸುತ್ತದೆ. ಓದಿದ ಕೂಲಿಯವನು ಮೊದಲಿನ ಕೂಲಿಯವನಾಗಿ ಉಳಿಯಲಾರನೆಂಬುದು ಅವರಿಗೆ ತಿಳಿದಿತ್ತು.

ನಿಷೇಧ ಹೋದ ಮೇಲೆ ಗೌರವ ಬಂದಿತು. ವೇಲ್ಸ್‌ನ ಮೇರಿ ಜೋನ್ಸ್ ಎಂಬ ಬಡ ಹುಡುಗಿ ವರ್ಷಗಟ್ಟಲೆ ಕಾಸು ಕೂಡಿಸಿ, 1800ರಲ್ಲಿ ಇಪ್ಪತ್ತೈದು ಮೈಲಿ ನಡೆದುಹೋಗಿ ತನ್ನ ಭಾಷೆಯ ಬೈಬಲ್ಲೊಂದನ್ನು ಕೊಂಡಳು. 1804ರಲ್ಲಿ ಲಂಡನಿನಲ್ಲಿ ಬೈಬಲ್ ಸೊಸೈಟಿ ಹುಟ್ಟಿತು; ಅಗ್ಗದ ಪ್ರತಿಗಳು ಲಕ್ಷಗಟ್ಟಲೆ ಅಚ್ಚಾದವು. ಆ ಹುರುಪಿನ ಕಾಲದಲ್ಲಿಯೇ ಈ ಗ್ರಂಥ ನಮ್ಮ ಭಾಷೆಗೂ ಬಂದಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದ. ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಕನ್ನಡ ಸತ್ಯವೇದವನ್ನು ತೆರೆದ ಹಿಂದೂ ವಾಚಕನಿಗೆ ಮೊದಲ ಪುಟಗಳಲ್ಲಿಯೇ ಆದಿಕಾಂಡ, ಅರಣ್ಯಕಾಂಡ ಎಂಬ ಹೆಸರುಗಳು ಎದುರಾಗಿ, ಇದೇನು ರಾಮಾಯಣವೇ ಎಂಬ ಬೆರಗು ಹುಟ್ಟುತ್ತದೆ. ನನಗಂತೂ ಹುಟ್ಟಿತ್ತು. ನಾನು ಕ್ರೈಸ್ತನಲ್ಲ. ಆದರೆ ಆ ಗ್ರಂಥ ನನ್ನ ಕಪಾಟಿನಲ್ಲಿ ಬಹುಕಾಲದಿಂದ ಇದೆ; ಆದುದರಿಂದ ಈ ಪ್ರಶ್ನೆ ನನ್ನದೂ ಹೌದು.

ಗೌರವ ಬಂದಿತೆಂದೆನಷ್ಟೆ. ಇಂಗ್ಲೆಂಡಿನ ಮರ್ಯಾದಸ್ಥ ಮನೆಗಳಲ್ಲಿ ದೊಡ್ಡ ಗಾತ್ರದ ಬೈಬಲ್ ಇರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಯಾಯಿತು. ಅದರ ಖಾಲಿ ಹಾಳೆಗಳಲ್ಲಿ ಮನೆಯವರ ಜನನ, ವಿವಾಹ, ಮರಣಗಳನ್ನು ಬರೆದಿಡುತ್ತಿದ್ದರು. ನ್ಯಾಯಾಲಯದ ಸಾಕ್ಷಿಯೂ ಅದನ್ನು ಮುಟ್ಟಿ ಆಣೆ ಮಾಡಬೇಕಾಗಿತ್ತು. ಆಣೆಯನ್ನೇ ಇಡಬೇಡಿರೆಂದು ಏಸು ಉಪದೇಶಿಸಿದುದು ಆ ಗ್ರಂಥದಲ್ಲಿಯೇ ಇದೆ. ಆ ಮಾತನ್ನು ಓದಿ ನಡೆಯಲೆತ್ನಿಸಿದ ಕ್ವೇಕರ್ ಪಂಥದವರು ಆಣೆ ಇಡಲೊಲ್ಲದೆ ಸೆರೆಮನೆ ಕಂಡರು. ಮುಟ್ಟಿದವರಿಗೆ ಮರ್ಯಾದೆ, ಓದಿದವರಿಗೆ ಸೆರೆ!

ಈ ಗೌರವದ ಇನ್ನೊಂದು ಮುಖ ಇನ್ನೂ ಕರಾಳವಾದುದು. 1807ರಲ್ಲಿ ಲಂಡನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸಿನ ನೀಗ್ರೋ ಗುಲಾಮರಿಗಾಗಿ ಆಯ್ದ ಭಾಗಗಳೆಂದು ಅದರ ಮೇಲೆಯೇ ಬರೆದಿದೆ. ಹಳೆಯ ಒಡಂಬಡಿಕೆಯ ಬಹುಭಾಗವೂ ಹೊಸ ಒಡಂಬಡಿಕೆಯ ಸುಮಾರು ಅರ್ಧವೂ ಅದರಲ್ಲಿಲ್ಲ. ಮೋಶೆಯು ತನ್ನ ಜನರನ್ನು ಐಗುಪ್ತದ ದಾಸ್ಯದಿಂದ ಬಿಡಿಸಿ ತಂದ ಕಥೆಯನ್ನು ತೆಗೆದುಹಾಕಿದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಮಾತನ್ನು ಉಳಿಸಿಕೊಂಡರು. ಗ್ರಂಥವನ್ನು ಸುಟ್ಟ ಬಿಷಪ್ಪನಿಗಿಂತ ಗ್ರಂಥವನ್ನು ಕತ್ತರಿಸಿ ಹಂಚಿದವರು ಹೆಚ್ಚಿನ ಅನ್ಯಾಯವನ್ನೇ ಮಾಡಿದರು. ಅವನು ಗ್ರಂಥವನ್ನು ಕಂಡು ಹೆದರಿದ್ದ. ಇವರು ಅದನ್ನು ತಮ್ಮ ಚಾಕರಿಗೆ ಹಚ್ಚಿದರು.

ಇಲ್ಲಿಗೆ ಬಂದಾಗ ನನಗೊಂದು ವಿಚಾರ ಸ್ಪಷ್ಟವಾಗುತ್ತದೆ. ಧರ್ಮಗ್ರಂಥವನ್ನು ಓದುವುದೆಂದರೆ ಅದು ನನ್ನನ್ನು ವಿರೋಧಿಸಲು ಎಡೆಕೊಡುವುದು. ನನ್ನ ಅಭ್ಯಾಸಕ್ಕೆ, ಅಂತಸ್ತಿಗೆ, ನನ್ನ ಅಭಿಪ್ರಾಯಕ್ಕೆ ಎದುರು ನಿಲ್ಲುವ ಮಾತು ಬಂದಾಗ ಹಾಳೆ ಮಗುಚದೆ ನಿಲ್ಲುವುದು. ಗುಲಾಮರ ಒಡೆಯನು ಕತ್ತರಿಯಿಂದ ಮಾಡಿದುದನ್ನು ನಾವು ಬಹುಮಂದಿ ಬೆರಳಿನಿಂದ ಮಾಡುತ್ತೇವೆ: ಒಪ್ಪುವ ಪುಟ ತೆರೆಯುತ್ತೇವೆ, ಒಪ್ಪದ ಪುಟವನ್ನು ದಾಟುತ್ತೇವೆ. ಆಸ್ತಿಕನು ಕ್ರೂರವಾದ ಭಾಗಗಳನ್ನು ದಾಟುತ್ತಾನೆ. ನಾಸ್ತಿಕನು ಕರುಣೆಯ ಭಾಗಗಳನ್ನು ದಾಟುತ್ತಾನೆ. ಇಬ್ಬರ ಕೈಯಲ್ಲಿಯೂ ಉಳಿಯುವುದು ಅವರವರ ಪ್ರತಿಬಿಂಬ.

ಹೀಗೆ ದಾಟದೆ ಓದಿದವರೂ ಇದ್ದಾರೆ. ಅವರು ಒಂದೇ ಬಗೆಯ ಜನರಲ್ಲ. ಚಾರ್ಲ್ಸ್ ಬ್ರಾಡ್ಲಾ ಎಳೆಯ ವಯಸ್ಸಿನಲ್ಲಿ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ದೀಕ್ಷೆಗೆ ಸಿದ್ಧನಾಗೆಂದು ಹೇಳಿದಾಗ ನಾಲ್ಕು ಸುವಾರ್ತೆಗಳನ್ನೂ ಚರ್ಚಿನ ಸಿದ್ಧಾಂತಗಳನ್ನೂ ಎದುರೆದುರಿಗಿಟ್ಟು ಓದಿ, ಅವು ಹೊಂದುವುದಿಲ್ಲವೆಂದು ಕಂಡು, ಪಾದ್ರಿಯನ್ನು ಪ್ರಶ್ನಿಸಿದ. ಉತ್ತರವಾಗಿ ಅವನನ್ನು ಪಾಠದಿಂದ ಬಿಡಿಸಿದರು. ಮುಂದೆ ಅವನು ಹೆಸರಾಂತ ನಿರೀಶ್ವರವಾದಿಯಾದ. 1880ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದಾಗ ದೇವರ ಹೆಸರಿನ ಆಣೆಗೆ ಬದಲು ಸತ್ಯಪ್ರತಿಜ್ಞೆ ಮಾಡುತ್ತೇನೆಂದ, ಸಭೆ ಒಪ್ಪಲಿಲ್ಲ. 1886ರವರೆಗೆ ಅವನಿಗೆ ನೆಮ್ಮದಿಯಿಂದ ಆಸನ ದೊರೆಯಲಿಲ್ಲ. ಆಣೆಗೆ ಬದಲು ಪ್ರತಿಜ್ಞೆಯ ಹಕ್ಕನ್ನು ಎಲ್ಲರಿಗೂ ಕೊಟ್ಟ 1888ರ ಶಾಸನ ಅವನ ಪ್ರಯತ್ನದ ಫಲ. ಕಣ್ಣೊತ್ತಿಕೊಂಡು ಆಣೆ ಇಟ್ಟ ಎಷ್ಟೋ ಸದಸ್ಯರಿಗಿಂತ ಆ ನಿರೀಶ್ವರವಾದಿಯೇ ಗ್ರಂಥವನ್ನು ಗಂಭೀರವಾಗಿ ತೆಗೆದುಕೊಂಡನಲ್ಲವೇ?

1891ರಲ್ಲಿ ಬ್ರಾಡ್ಲಾನ ಶವಸಂಸ್ಕಾರಕ್ಕೆ ಹೋಗಿದ್ದವರಲ್ಲಿ ಭಾರತದ ಒಬ್ಬ ತರುಣ ವಿದ್ಯಾರ್ಥಿಯೂ ಇದ್ದ. ಅವನೇ ಮೋಹನದಾಸ ಗಾಂಧಿ. ಲಂಡನಿನ ಒಂದು ಸಸ್ಯಾಹಾರಿ ವಸತಿಗೃಹದಲ್ಲಿ ಪರಿಚಯವಾದ ಕ್ರೈಸ್ತ ಸಜ್ಜನನೊಬ್ಬನಿಂದ ಗಾಂಧಿಯವರು ಬೈಬಲ್ ಕೊಂಡರು. ಓದುವೆನೆಂದು ಮಾತು ಕೊಟ್ಟದ್ದಕ್ಕಾಗಿ ಓದಿದರು. ಆದಿಕಾಂಡದ ಮುಂದಿನ ಭಾಗಗಳು ತಮಗೆ ನಿದ್ದೆ ತರಿಸಿದುವೆಂದೂ, ಅರಣ್ಯಕಾಂಡ ಹಿಡಿಸಲೇ ಇಲ್ಲವೆಂದೂ, ಹೊಸ ಒಡಂಬಡಿಕೆಯ ಪರ್ವತಪ್ರಸಂಗ ಮಾತ್ರ ನೇರವಾಗಿ ಹೃದಯಕ್ಕೆ ಹೊಕ್ಕಿತೆಂದೂ ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಿದ್ದೆ ಬಂದಿತೆಂದು ಹೇಳಬಲ್ಲವನು ಮಾತ್ರವೇ ಹೃದಯ ಹೊಕ್ಕಿತೆಂದಾಗ ನಂಬಿಕೆಗೆ ಪಾತ್ರನಾಗುತ್ತಾನೆ. ಗಾಂಧಿಯವರು ಮತಾಂತರವಾಗಲಿಲ್ಲ. ಆದರೆ ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸೆಂಬ ಉಪದೇಶವನ್ನು ಅವರಷ್ಟು ಅಕ್ಷರಶಃ ತೆಗೆದುಕೊಂಡವರು, ಗ್ರಂಥವನ್ನು ವಂಶಪಾರಂಪರ್ಯವಾಗಿ ಪಡೆದವರಲ್ಲಿಯೂ ವಿರಳ.

ಭಕ್ತನಾದ ಕ್ರೈಸ್ತನು ಇಲ್ಲಿ ಒಂದು ಆಕ್ಷೇಪಣೆ ತರಬಹುದು. “ಹೊರಗಿನವರಾದ ನೀವು ಓದುವುದು ಸಾಹಿತ್ಯವನ್ನು, ನೀತಿಯನ್ನು, ನಮಗೆ ಅದು ದೇವರ ಮಾತು. ನಂಬದೆ ಓದಿದರೆ ಓದಿದಂತಾಗುವುದಿಲ್ಲ” ಎನ್ನಬಹುದು. ಇದರಲ್ಲಿ ಸತ್ಯವಿದೆ. ಪ್ರಾರ್ಥನೆಯೊಡನೆ ಓದುವವನಿಗೆ ತೆರೆದುಕೊಳ್ಳುವ ಕೋಣೆಯೊಂದು ನನಗೆ ತೆರೆದಿಲ್ಲವೆಂದು ನಾನು ಒಪ್ಪುತ್ತೇನೆ. ಆದರೆ ನಂಬಿಕೆ ಓದಿಗೆ ಬದಲಾಗಿ ನಿಲ್ಲಲಾರದು. ಪತ್ರ ಪ್ರೀತಿಯವರಿಂದ ಬಂದಿದೆಯೆಂದು ಬಲ್ಲವನು ಅದನ್ನು ಒಡೆಯದೆ ಎದೆಗೊತ್ತಿಕೊಂಡು ಕುಳಿತರೆ, ಪ್ರೀತಿಯೇನೋ ನಿಜ, ಸಮಾಚಾರ ಮಾತ್ರ ತಲಪಲಿಲ್ಲ.

2012ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮಂತ್ರಿ ಮೈಕೆಲ್ ಗೋವ್ ಅವರು ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ 1611ರ ಕಿಂಗ್ ಜೇಮ್ಸ್ ಅನುವಾದದ ಒಂದೊಂದು ಪ್ರತಿ ಕಳುಹಿಸಿದರು. ಪ್ರಸಿದ್ಧ ನಾಸ್ತಿಕರಾದ ರಿಚರ್ಡ್ ಡಾಕಿನ್ಸ್ ಅದನ್ನು ವಿರೋಧಿಸುವರೆಂದು ಜನ ಎಣಿಸಿರಬಹುದು, ಅವರು ಸ್ವಾಗತಿಸಿದರು. ಆ ಅನುವಾದವನ್ನು ಅರಿಯದೆ ಇಂಗ್ಲಿಷ್ ಸಾಹಿತ್ಯವನ್ನು ಅರಿಯುವಂತಿಲ್ಲವೆಂಬುದು ಅವರ ಒಂದು ಕಾರಣ. ಓದಿದರೆ, ಬೈಬಲ್ ನೀತಿಗೆ ಕೈದೀವಿಗೆಯೆಂಬ ಭ್ರಮೆ ತಾನಾಗಿ ಹರಿಯುವುದೆಂಬುದು ಇನ್ನೊಂದು ಕಾರಣ. ಕಳುಹಿಸಿದವರಿಗೂ ಸ್ವಾಗತಿಸಿದವರಿಗೂ ಗುರಿ ಬೇರೆ ಬೇರೆ. ಮಕ್ಕಳು ಓದಲಿ ಎಂಬ ಒಂದು ವಿಷಯದಲ್ಲಿ ಮಾತ್ರ ಒಮ್ಮತ. ನನಗೆ ಇಬ್ಬರ ಧೈರ್ಯವೂ ಮೆಚ್ಚಿಗೆಯಾಗುತ್ತದೆ. ಸಂಶಯ ಒಂದೇ: ಶಾಲೆಯ ಕಪಾಟಿನಲ್ಲಿ ಇನ್ನೊಂದು ಹೊತ್ತಗೆ ಕುಳಿತರೆ ಓದು ಹುಟ್ಟುತ್ತದೆಯೇ? ದಿನವೂ ಶಾಲೆಗಳಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯಬೇಕೆಂದು 1944ರ ಶಾಸನವೇ ವಿಧಿಸಿತ್ತು. ಆ ಶಾಸನದ ಶಾಲೆಗಳಲ್ಲಿ ಬೆಳೆದ ತಲೆಮಾರುಗಳೇ ಗ್ರಂಥವನ್ನು ಮೆಲ್ಲಗೆ ಕೆಳಗಿಟ್ಟವು.

ಮತದ ಹಿಡಿತ ಸಡಿಲವಾದ ಸಮಾಜದಲ್ಲಿ ನಷ್ಟವೇನೂ ಇಲ್ಲವೆಂದು ನಾನು ಹೇಳಲಾರೆ. ಒಟ್ಟಿಗೆ ಕುಳಿತು ಕೇಳುವ ಗ್ರಂಥ ಜನಕ್ಕೆ ಒಂದು ಸಮಾನ ನೆನಪನ್ನು ಕೊಡುತ್ತದೆ. ಕುಮಾರವ್ಯಾಸನ ಒಂದು ಷಟ್ಪದಿಯನ್ನೂ ಓದದ ನಮ್ಮ ರೈತನಿಗೆ ಕರ್ಣನ ದುಃಖ ಗೊತ್ತಿದೆ. ಹಾಗೆಯೇ ಅಕ್ಷರ ಬಾರದ ಇಂಗ್ಲಿಷಿನವನಿಗೆ ದಾರಿತಪ್ಪಿದ ಮಗನ ಕಥೆ ಗೊತ್ತಿತ್ತು. ಆ ನೆನಪು ಅಳಿದ ಮೇಲೆ ಮಿಲ್ಟನ್ನನನ್ನು ಓದುವ ವಿದ್ಯಾರ್ಥಿಗೆ ಪುಟಪುಟಕ್ಕೂ ಅಡಿಟಿಪ್ಪಣಿ ಬೇಕಾಗುತ್ತದೆ. ಪಕ್ಕದವನ ಸಂಕಟವನ್ನು ಒಂದೇ ಹೆಸರಿನಿಂದ ಕರೆಯುವ ಸೌಕರ್ಯವೂ ಹೋಗುತ್ತದೆ. ಇದು ಸಣ್ಣ ನಷ್ಟವಲ್ಲ. ಇಷ್ಟಾದರೂ ಒಂದು ಲಾಭವಿದೆ. ಗ್ರಂಥವನ್ನು ಹಿಡಿದವನಿಗೆ ಈಗ ಮರ್ಯಾದೆಯೂ ಬರುವುದಿಲ್ಲ, ಶಿಕ್ಷೆಯೂ ಆಗುವುದಿಲ್ಲ. ನೆರೆಯವರು ನೋಡಲೆಂದು ಓದುವ ಕಾರಣ ಉಳಿದಿಲ್ಲ. ಓದಿದರೆ ಓದಬೇಕೆಂದೇ ಓದಬೇಕು. ಅಂಥ ಓದುಗರು ಕೆಲವರೇ ಇದ್ದರೂ, ಅವರ ಓದು ಅವರದೇ.

ತಾತನ ಹೆಸರು, ಮುತ್ತಜ್ಜಿಯ ಹೆಸರು ಬರೆದಿರುವ ಹಳೆಯ ಬೈಬಲ್ಲೊಂದು ಎಷ್ಟೋ ಮನೆಗಳಲ್ಲಿ ಇಂದು ನಂಬಿಕೆಯಿಲ್ಲದ ಮೊಮ್ಮಕ್ಕಳ ಪಾಲಿಗೆ ಬಂದಿದೆ. ಎಸೆಯಲು ಮನಸ್ಸಿಲ್ಲ, ತೆರೆಯಲು ಕಾರಣವಿಲ್ಲ. ಅವರಿಗೆ ನಾನು ಹೇಳುವುದಿಷ್ಟೇ: ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತಿ ಚಿಕ್ಕದು, ಹದಿನಾರೇ ಅಧ್ಯಾಯ, ಒಂದು ಸಂಜೆಯ ಓದು. ಏನನ್ನೂ ದಾಟದೆ ಓದಿ. ಆಮೇಲೆ ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ಯಾವುದನ್ನು ಮಾಡಿದರೂ ತಿಳಿದು ಮಾಡಿದಂತಾಗುತ್ತದೆ. ಗೀತೆಯನ್ನೋ ಕುರಾನನ್ನೋ ವಚನಗಳ ಕಟ್ಟನ್ನೋ ಗೂಡಿನಲ್ಲಿಟ್ಟುಕೊಂಡಿರುವ ನಮ್ಮ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಸೇಂಟ್‌ಬರಿ ಗುಡ್ಡದ ಕುರಿಗಾಹಿ ಹೋಗಲೆಂದು ಬೇಡಿಕೊಂಡ ಕುರುಡುತನವನ್ನು ಮಾಡಿದ್ದು ಒಂದು ಶಾಸನ. ಮರುವರ್ಷವೇ, 1547ರಲ್ಲಿ, ಇನ್ನೊಂದು ಶಾಸನ ಅದನ್ನು ತೆಗೆಯಿತು. ಗ್ರಂಥ ಕೈಯಲ್ಲಿದ್ದೂ ತೆರೆಯದ ಕುರುಡುತನವನ್ನು ತೆಗೆಯುವ ಶಾಸನ ಯಾವ ನಾಡಿನಲ್ಲಿಯೂ ಆಗುವಂತಿಲ್ಲ. ಅದನ್ನು ಅವರವರೇ ತೆಗೆದುಕೊಳ್ಳಬೇಕು.